ಕೋಶದಿಂದ ಕಾಲುದಾರಿಗೆ

'ಕೋಶ ಓದು, ದೇಶ ಸುತ್ತು' ಎಂಬುದು ಕನ್ನಡಿಗರ ಬಾಯಲ್ಲಿ ಬಹುಕಾಲದಿಂದ ನೆಲೆನಿಂತಿರುವ ಗಾದೆ. ಸಾಮಾನ್ಯವಾಗಿ ಇದನ್ನು ಎರಡು ಬೇರೆ ಬೇರೆ ಉಪದೇಶಗಳೆಂದು ಭಾವಿಸುವುದುಂಟು: ಮನೆಯಲ್ಲಿ ಕುಳಿತು ಓದುವವನಿಗೆ ಒಂದು, ಹೊರಗೆ ತಿರುಗಾಡುವವನಿಗೆ ಇನ್ನೊಂದು. ಆದರೆ ಗಾದೆಯನ್ನು ಕಟ್ಟಿದ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವರು. ಓದಿದ್ದು ಕಾಲಿಗೆ ಇಳಿಯಬೇಕು. ನಡೆದು ಕಂಡದ್ದು ಮತ್ತೆ ಓದನ್ನು ಬೆಳಗಬೇಕು. ಪ್ರವಾಸದ ಗ್ರಂಥಗಳು, ಅದರಲ್ಲಿಯೂ ಕಾಲ್ನಡಿಗೆಯಲ್ಲಿ ಹುಟ್ಟಿದ ಗ್ರಂಥಗಳು, ಇವೆರಡರ ನಡುವಣ ಸೇತುವೆಯಂತಿವೆ.

ದೆಹಲಿಯ ಕನ್ನಡಿಗರಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಇಲ್ಲಿನ ಪ್ರತಿಯೊಂದು ಕನ್ನಡ ಮನೆತನದ ಮೊದಲಲ್ಲಿಯೂ ಒಂದು ಪ್ರಯಾಣವಿದೆ. ಯಾರೋ ಒಬ್ಬರು ಟ್ರಂಕು, ಹಾಸಿಗೆ ಸುರುಳಿ, ಉಪ್ಪಿನಕಾಯಿಯ ಭರಣಿಗಳೊಡನೆ ರೈಲು ಹತ್ತಿ, ವಿಂಧ್ಯವನ್ನು ದಾಟಿ, ಭಾಷೆ ತಿಳಿಯದ ಊರಿನಲ್ಲಿ ಇಳಿದು, ಹೊಸ ಬಾಳನ್ನು ಕಟ್ಟಿಕೊಂಡರು. ಆ ಪ್ರಯಾಣವನ್ನು ಅವರು ಪುಸ್ತಕವಾಗಿ ಬರೆಯಲಿಲ್ಲ, ಅಷ್ಟೆ. ಆದರೆ ಮೂವತ್ತು ನಾಲ್ವತ್ತು ವರ್ಷಗಳು ಉರುಳಿ, ಅರವತ್ತು ತುಂಬಿ, ಕಚೇರಿಯ ಬಾಗಿಲು ಮುಚ್ಚಿ, ಸರ್ಕಾರಿ ವಸತಿಯನ್ನು ತೆರವು ಮಾಡುವ ದಿನ ಬಂದಾಗ ಅದೇ ಪ್ರಶ್ನೆ ಮತ್ತೊಮ್ಮೆ ಎದುರು ನಿಲ್ಲುತ್ತದೆ: ಮುಂದೇನು? ಊರಿಗೆ ಮರಳಬೇಕೆ? ಅಲ್ಲಿ ಗುರುತಿನವರು ಉಳಿದಿರುವರೆ? ಇಲ್ಲಿಯೇ ದ್ವಾರಕೆಯಲ್ಲೋ ನೋಯ್ಡಾದಲ್ಲೋ ಮಗನ ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ ದೂರದರ್ಶನದ ಮುಂದೆ ಕಾಲ ಕಳೆಯಬೇಕೆ? 'ಅರವತ್ತಕ್ಕೆ ಅರಳುಮರಳು' ಎಂದು ಹಾಸ್ಯ ಮಾಡುವುದು ಸುಲಭ. ಅರವತ್ತಕ್ಕೆ ಹೊಸ ಅರಳು ಮೂಡುವ ಬಗೆ ಯಾವುದೆಂದು ಯೋಚಿಸುವುದು ಕಷ್ಟ. ಈ ಯೋಚನೆಗೆ ನಡಿಗೆಯ ಗ್ರಂಥಗಳು ತಕ್ಕಮಟ್ಟಿಗೆ ನೆರವಾಗಬಲ್ಲವು.

ದಾರಿ ಮುಚ್ಚಿದಾಗ ತೆರೆದ ದಾರಿ

ಕಾಕಾ ಕಾಲೇಲ್ಕರರ ಹೆಸರನ್ನು ಕೇಳದ ಹಿರಿಯರು ವಿರಳ. 1885ರಲ್ಲಿ ಸಾತಾರಾದಲ್ಲಿ ಹುಟ್ಟಿದ ಅವರ ಮನೆಮಾತು ಮರಾಠಿ. ಬಾಲ್ಯದ ಕೆಲಕಾಲ ಕಳೆದದ್ದು ಕಾರವಾರದ ಕಡಲ ತೀರದಲ್ಲಿ. ಶಿಕ್ಷಕರಾಗಿ ದುಡಿದ ಮೊದಲ ಶಾಲೆಗಳಲ್ಲಿ ಬೆಳಗಾವಿಯ ಗಣೇಶ ವಿದ್ಯಾಲಯವೂ ಒಂದು. ತರುವಾಯ ಅವರು ಬರೋಡೆಯ ಗಂಗಾನಾಥ ವಿದ್ಯಾಲಯದ ಮುಖ್ಯಸ್ಥರಾದರು. ಆ ಸಂಸ್ಥೆಯಲ್ಲಿ ರಾಷ್ಟ್ರೀಯ ಭಾವನೆ ಬೆಳೆಯುತ್ತಿದೆಯೆಂದು ಕಂಡ ಬ್ರಿಟಿಷ್ ಸರ್ಕಾರದ ಒತ್ತಡದಿಂದ 1912ರ ವೇಳೆಗೆ ಅದು ಮುಚ್ಚಿಹೋಯಿತು. ಇಪ್ಪತ್ತಾರು ಇಪ್ಪತ್ತೇಳರ ತರುಣನಿಗೆ ಉದ್ಯೋಗವೂ ಹೋಯಿತು, ನಂಬಿದ ಕಾರ್ಯವೂ ನಿಂತಿತು.

ಆಗ ಅವರು ಹಿಡಿದದ್ದು ಹಿಮಾಲಯದ ಹಾದಿ. ಗೆಳೆಯರೊಡನೆ ಕಾಲ್ನಡಿಗೆಯಲ್ಲಿ ಯಾತ್ರಾಸ್ಥಳಗಳನ್ನು ಸುತ್ತಿದರು. ಸಂನ್ಯಾಸದ ಕಡೆಗೆ ವಾಲಿದ್ದ ಮನಸ್ಸು ನಡೆಯುತ್ತ ನಡೆಯುತ್ತ ತಿಳಿಯಾಗಿ, ಮತ್ತೆ ಜನರ ನಡುವೆಯೇ ನೆಲೆ ಹುಡುಕಿತು. 1915ರಲ್ಲಿ ಶಾಂತಿನಿಕೇತನದಲ್ಲಿ ಗಾಂಧೀಜಿಯವರ ಭೇಟಿಯಾಯಿತು. ಮುಂದಿನ ಅರ್ಧ ಶತಮಾನದ ಬಾಳಿಗೆ ದಿಕ್ಕು ದೊರೆಯಿತು. ಆ ನಡಿಗೆಯನ್ನು ಕುರಿತು ಅವರು ಗುಜರಾತಿ ಭಾಷೆಯಲ್ಲಿ ಬರೆದ ಹಿಮಾಲಯ ಪ್ರವಾಸದ ಪುಸ್ತಕವು ಆ ಸಾಹಿತ್ಯದ ಶ್ರೇಷ್ಠ ಕೃತಿಗಳಲ್ಲಿ ಪರಿಗಣಿತವಾಗಿದೆ. ಮಾತೃಭಾಷೆಯಲ್ಲದ ಭಾಷೆಯೊಂದರಲ್ಲಿ ಇಂತಹ ಸ್ಥಾನವನ್ನು ಗಳಿಸಿದುದೂ ಒಂದು ಬಗೆಯ ಪ್ರವಾಸವೇ ಸರಿ. 1952ರಿಂದ 1964ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದು, 1953ರಲ್ಲಿ ನೇಮಕವಾದ ಪ್ರಥಮ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷತೆಯನ್ನೂ ವಹಿಸಿದ ಕಾಲೇಲ್ಕರರು ದೆಹಲಿಯಲ್ಲಿಯೇ ನೆಲೆಸಿ, 1981ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹಿಮಾಲಯವು ಅವರಿಗೆ ಹೊಸ ಉದ್ಯೋಗವನ್ನೇನೂ ಕೊಡಲಿಲ್ಲ. ಹಳೆಯದು ಮುಗಿಯಿತು, ಹೊಸದು ಇನ್ನೂ ಬಂದಿಲ್ಲ ಎಂಬ ನಡುಗಾಲವನ್ನು ವ್ಯರ್ಥ ಚಿಂತೆಯಲ್ಲಿ ಕೊಳೆಯಲು ಬಿಡದೆ, ನಡಿಗೆಯಲ್ಲಿ ಕಳೆಯುವ ಶಕ್ತಿಯನ್ನು ಕೊಟ್ಟಿತು. ಕೆಲಸ ಕಳೆದುಕೊಂಡವರಿಗೂ, ನಿವೃತ್ತರಾದವರಿಗೂ, ಸಂಗಾತಿಯನ್ನು ಅಗಲಿದವರಿಗೂ ದುಸ್ಸಹವಾಗುವುದು ಇಂತಹ ನಡುಗಾಲವೇ.

ಹಿಂದಿಯ ರಾಹುಲ ಸಾಂಕೃತ್ಯಾಯನರು (1893–1963) ಈ ತತ್ತ್ವಕ್ಕೆ ಶಾಸ್ತ್ರದ ರೂಪವನ್ನೇ ಕೊಟ್ಟರು. 'ಘುಮಕ್ಕಡ್ ಶಾಸ್ತ್ರ' ಎಂಬ ಅವರ ಗ್ರಂಥ ಅಲೆಮಾರಿತನವನ್ನು ಒಂದು ವಿದ್ಯೆಯೆಂದೇ ಎಣಿಸಿ, ಅದಕ್ಕೆ ಬೇಕಾದ ಸಿದ್ಧತೆಗಳನ್ನು ವಿವರಿಸುತ್ತದೆ. ಸ್ತ್ರೀಯರಿಗೂ ಅದರಲ್ಲಿ ಸಮಾನ ಹಕ್ಕಿದೆಯೆಂದು ವಾದಿಸುತ್ತದೆ. ಅವರು ನಾಲ್ಕು ಬಾರಿ ಟಿಬೆಟ್ಟಿಗೆ ಹೋಗಿ, ಭಾರತದಲ್ಲಿ ಕಳೆದುಹೋಗಿದ್ದ ಸಂಸ್ಕೃತ ಗ್ರಂಥಗಳ ಪ್ರತಿಗಳನ್ನು ಅಲ್ಲಿನ ಮಠಗಳಲ್ಲಿ ಪತ್ತೆಹಚ್ಚಿದರು. ತಂದ ಹಸ್ತಪ್ರತಿಗಳನ್ನೂ ಚಿತ್ರಪಟಗಳನ್ನೂ ಪಾಟ್ನಾ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಕೋಶಕ್ಕಾಗಿಯೇ ದೇಶ ಸುತ್ತಿದ ಮಹನೀಯರವರು.

ಕನ್ನಡದ ಕಪಾಟಿನಲ್ಲಿ

ಕನ್ನಡದಲ್ಲಿ 'ನಡೆ' ಎಂಬ ಒಂದೇ ಶಬ್ದಕ್ಕೆ ಕಾಲಿನ ನಡಿಗೆಯೆಂದೂ ಬಾಳಿನ ನಡತೆಯೆಂದೂ ಎರಡು ಅರ್ಥಗಳಿವೆ. ಹನ್ನೆರಡನೆಯ ಶತಮಾನದ ಶರಣರು ಚಲಿಸುವುದನ್ನೇ 'ಜಂಗಮ'ವೆಂದು ಪೂಜಿಸಿದರು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಸಾಗಿದ ಅಕ್ಕಮಹಾದೇವಿಯ ಬಾಳೇ ಒಂದು ಪಯಣ. ಇಂತಹ ಭಾಷೆಯಲ್ಲಿ ಪ್ರವಾಸ ಸಾಹಿತ್ಯ ಹುಲುಸಾಗಿ ಬೆಳೆದುದು ಆಶ್ಚರ್ಯವಲ್ಲ.

ಹಂಪೆಯನ್ನು ಕುರಿತ ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ' ಆಧುನಿಕ ಕನ್ನಡ ಪ್ರವಾಸ ಸಾಹಿತ್ಯದ ಆರಂಭದ ಕೃತಿಗಳಲ್ಲಿ ಒಂದು. ಶಿವರಾಮ ಕಾರಂತರು 'ಅಬೂವಿನಿಂದ ಬರಾಮಕ್ಕೆ' ಮತ್ತು 'ಅಪೂರ್ವ ಪಶ್ಚಿಮ'ಗಳಲ್ಲಿ ಒಳನಾಡನ್ನೂ ಹೊರನಾಡನ್ನೂ ತಮ್ಮ ನಿಷ್ಠುರ ಕಣ್ಣಿನಿಂದ ಕಂಡು ಬರೆದರು. ಎಪ್ಪತ್ತರ ಆಸುಪಾಸಿನಲ್ಲಿ ಕಡಲು ದಾಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 'ಅಮೆರಿಕದಲ್ಲಿ ಗೊರೂರು' ಬರೆದು, 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದರು. ಆ ವಯಸ್ಸಿಗೂ ಹೊಸ ನೆಲವನ್ನು ಕಂಡು ಬೆರಗಾಗುವ ಶಕ್ತಿ ಉಳಿದಿರುತ್ತದೆ ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ.

ಆದರೆ ಕಾಲುದಾರಿಯ ಪುಸ್ತಕವೆಂಬ ಹೆಸರಿಗೆ ತೀರ ಸಲ್ಲತಕ್ಕದ್ದು ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಅಲೆದಾಡಿದ ಕಥೆಯದು. ಮಳೆ, ಜಿಗಣೆ, ಹಸಿವು, ಹುಡುಗರ ತಂಟೆ ಇವೆಲ್ಲದರ ನಡುವೆ ಒಂದೊಂದು ಗಿಡವೂ ಹೆಸರು, ಕುಲ, ಗುಣ, ಪುರಾಣಗಳ ಸಮೇತ ವಾಚಕನ ಮುಂದೆ ನಿಲ್ಲುತ್ತದೆ. 1978ರಲ್ಲಿ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಗ್ರಂಥವನ್ನು ಓದಿದ ಮೇಲೆ ಮರಗಿಡಗಳ ನಡುವೆ ಸುಮ್ಮನೆ ಹಾದುಹೋಗುವುದು ಸಾಧ್ಯವಾಗದು. ನಿಂತು ಎಲೆಯೊಂದನ್ನು ಕೈಗೆತ್ತಿಕೊಂಡು ನೋಡಬೇಕೆನಿಸುತ್ತದೆ. ಒಳ್ಳೆಯ ನಡಿಗೆಯ ಗ್ರಂಥದ ಪರೀಕ್ಷೆ ಇದೇ: ಅದು ಓದುಗನನ್ನು ಕುರ್ಚಿಯಿಂದ ಎಬ್ಬಿಸಬೇಕು.

ಅಮೆರಿಕದ ಒಬ್ಬ ಅಜ್ಜಿ

ಪುಸ್ತಕವೋ ಪತ್ರಿಕೆಯೋ ಕೈಯಲ್ಲಿದ್ದುದು ಕಾಲಿಗೆ ಇಳಿದ ಅತ್ಯಂತ ಸ್ವಾರಸ್ಯದ ನಿದರ್ಶನ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬಾಕೆಯದು. 1887ರಲ್ಲಿ ಒಹಾಯೋ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿ, ಹನ್ನೊಂದು ಮಕ್ಕಳನ್ನು ಹೆತ್ತು, ಹೊಡೆಯುವ ಗಂಡನೊಡನೆ ದಶಕಗಳನ್ನು ಕಳೆದು, ಕೊನೆಗೆ ವಿಚ್ಛೇದನ ಪಡೆದ ಈಕೆಗೆ 1949ರ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ ಲೇಖನವೊಂದು ಕಣ್ಣಿಗೆ ಬಿದ್ದಿತು. ಜಾರ್ಜಿಯಾದಿಂದ ಮೇಯ್ನ್‌ವರೆಗೆ ಬೆಟ್ಟಗಳ ಬೆನ್ನಿನ ಮೇಲೆ ಸಾಗುವ ಅಪಲೇಚಿಯನ್ ಕಾಲುದಾರಿಯ ವರ್ಣನೆ ಅದರಲ್ಲಿತ್ತು. ಹಿಂದೆ ಯಾವ ಹೆಂಗಸೂ ಒಂಟಿಯಾಗಿ ಒಂದೇ ಋತುವಿನಲ್ಲಿ ಅದನ್ನು ಪೂರ್ತಿ ನಡೆದಿರಲಿಲ್ಲ.

1954ರಲ್ಲಿ ಆಕೆ ಮಾಡಿದ ಮೊದಲ ಪ್ರಯತ್ನ ವಿಫಲವಾಯಿತು. ದಾರಿ ತಪ್ಪಿತು, ಕನ್ನಡಕ ಒಡೆಯಿತು, ಮನೆಗೆ ಮರಳಬೇಕಾಯಿತು. ಮರುವರ್ಷ ಮೇ ತಿಂಗಳಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಮತ್ತೆ ಹೊರಟಳು. ಹೆಗಲಿಗೆ ತಾನೇ ಹೊಲಿದ ಬಟ್ಟೆಯ ಚೀಲ, ಅದರಲ್ಲಿ ಒಂದು ಕಂಬಳಿ, ಮಳೆಗೆ ಒಂದು ಪ್ಲಾಸ್ಟಿಕ್ ಪರದೆ, ಕಾಲಿಗೆ ಸಾಧಾರಣ ಕ್ಯಾನ್‌ವಾಸ್ ಬೂಟು. ಡೇರೆಯೂ ಇಲ್ಲ, ನಕ್ಷೆಯೂ ಇಲ್ಲ. 1955ರ ಸೆಪ್ಟೆಂಬರಿನಲ್ಲಿ, ಸುಮಾರು 3,300 ಕಿಲೋಮೀಟರುಗಳ ಆ ದಾರಿಯನ್ನು 146 ದಿನಗಳಲ್ಲಿ ಮುಗಿಸಿ, ಕಟಾಡಿನ್ ಶಿಖರವನ್ನು ಏರಿದಳು. 1957ರಲ್ಲಿ ಅದೇ ಹಾದಿಯನ್ನು ಮತ್ತೊಮ್ಮೆ ಪೂರೈಸಿದಳು. ಪತ್ರಿಕೆಯ ಲೇಖನವು ದಾರಿ ಸುಗಮವೆಂದು ನಂಬಿಸಿತ್ತು, ನಿಜ ತಿಳಿದಿದ್ದರೆ ಹೊರಡುತ್ತಲೇ ಇರಲಿಲ್ಲವೆಂದು ಆಕೆ ತರುವಾಯ ಹೇಳಿದುದುಂಟು. ಹೊರಟಮೇಲೆ ಮಾತ್ರ ಅರ್ಧಕ್ಕೆ ಬಿಡಲಿಲ್ಲ. ಆಕೆಯ ಕಥೆ 2014ರಲ್ಲಿ ಪುಸ್ತಕವಾಗಿ ಹೊರಬಂದು, ಈಗ ಇತರರನ್ನು ಎಬ್ಬಿಸುತ್ತಿದೆ.

ದಾರಿಯ ಕಠೋರ ಮುಖ

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ತೋರಿಸುವುದು ಕರ್ತವ್ಯ. ಬದುಕಿ ಬಂದವರು ಮಾತ್ರ ಪುಸ್ತಕ ಬರೆಯುತ್ತಾರೆ. ಆದುದರಿಂದ ನಡಿಗೆಯ ಗ್ರಂಥಗಳಲ್ಲಿ ಅಪಾಯವು ಸ್ವಾರಸ್ಯವಾಗಿ ತೋರುವುದು ಸಹಜ. ಹೆಸರಘಟ್ಟದ ಬಳಿ 1990ರಲ್ಲಿ 'ನೃತ್ಯಗ್ರಾಮ'ವನ್ನು ಸ್ಥಾಪಿಸಿದ ಒಡಿಸ್ಸಿ ಕಲಾವಿದೆ ಪ್ರೊತಿಮಾ ಗೌರಿ ಹುಟ್ಟಿದ್ದು ದೆಹಲಿಯಲ್ಲಿ. ಕಟ್ಟಿದ ಸಂಸ್ಥೆಯನ್ನು ಶಿಷ್ಯರಿಗೆ ಒಪ್ಪಿಸಿ, ಬಾಳಿನ ಹೊಸ ಹಂತವನ್ನು ಅರಸಿ ಹಿಮಾಲಯದ ಕಡೆಗೆ ತಿರುಗಿದ ಅವರು, 1998ರ ಆಗಸ್ಟಿನಲ್ಲಿ ಕೈಲಾಸ ಮಾನಸಸರೋವರದ ಯಾತ್ರೆಯಲ್ಲಿ, ಕುಮಾವೂನಿನ ಮಾಲ್ಪಾ ಎಂಬಲ್ಲಿ ಗುಡ್ಡ ಕುಸಿದಾಗ ಅಸುನೀಗಿದರು. ಯಾತ್ರಿಕರೂ ಸ್ಥಳೀಯರೂ ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ ಆ ದುರಂತದಲ್ಲಿ ಮಡಿದರು. ಬೆಟ್ಟಕ್ಕೆ ಯಾತ್ರಿಕನ ಸಂಕಲ್ಪ ತಿಳಿಯದು.

1981ರಲ್ಲಿ ಪುನರಾರಂಭವಾಗಿ, 2020ರಿಂದ ಐದು ವರ್ಷ ನಿಂತು, 2025ರಲ್ಲಿ ಮತ್ತೆ ತೆರೆದ ಈ ಯಾತ್ರೆಗೆ ಹೊರಡುವವರಿಗೆ ಮೊದಲು ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ ನಡೆಯುತ್ತದೆ. ಅದನ್ನು ಕಿರುಕುಳವೆಂದು ಬಗೆಯಬಾರದು. ಸುಮಾರು 2,500 ಮೀಟರು ಎತ್ತರವನ್ನು ಮೀರಿದಂತೆ ಗಾಳಿಯಲ್ಲಿನ ಆಮ್ಲಜನಕದ ಒತ್ತಡ ಕುಗ್ಗಿ, ತಲೆನೋವು, ವಾಕರಿಕೆ, ತಲೆಸುತ್ತು, ನಿದ್ರಾಹೀನತೆಗಳು ಕಾಣಿಸಿಕೊಳ್ಳಬಹುದು. ದೆಹಲಿಯಿಂದ ವಿಮಾನದಲ್ಲಿ ಹೊರಟವನು ಎರಡು ಗಂಟೆಯೊಳಗೆ 3,500 ಮೀಟರು ಎತ್ತರದ ಲೇಹ್‌ನಲ್ಲಿ ಇಳಿಯುತ್ತಾನೆ. ಆದರೆ ದೇಹವು ಅಷ್ಟು ಬೇಗ ಹೊಂದಿಕೊಳ್ಳದು. ಮೊದಲ ಎರಡು ದಿನ ವಿಶ್ರಾಂತಿ ಅವಶ್ಯ. 3,000 ಮೀಟರಿನಿಂದ ಮೇಲಕ್ಕೆ, ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ನಡೆಯುವಾಗ ಓಲಾಟ, ಮಾತಿನಲ್ಲಿ ಗೊಂದಲ, ಕುಳಿತಿದ್ದರೂ ಏದುಸಿರು ಇವು ಕಂಡರೆ ತಡಮಾಡದೆ ಕೆಳಗಿಳಿಯುವುದೇ ಮೊದಲ ಚಿಕಿತ್ಸೆ. ಹೃದ್ರೋಗ, ಉಬ್ಬಸ, ಅಧಿಕ ರಕ್ತದೊತ್ತಡವುಳ್ಳವರು ವೈದ್ಯರ ಅನುಮತಿಯಿಲ್ಲದೆ ಎತ್ತರದ ಯಾತ್ರೆಯನ್ನು ಕೈಕೊಳ್ಳಬಾರದು.

ಬಾಗಿಲ ಹೊರಗಣ ದಾರಿ

ಹಾಗಾದರೆ ಹಿಮಾಲಯಕ್ಕೆ ಹೋಗಲಾರದವರ ಪಾಡೇನು? ಅವರ ದಾರಿ ಬಾಗಿಲ ಹೊರಗೇ ಇದೆ. ಅರಾವಳಿ ಬೆಟ್ಟಸಾಲಿನ ತುದಿ ಬಂದು ನಿಲ್ಲುವುದು ದೆಹಲಿಯಲ್ಲಿಯೇ. ಇಲ್ಲಿಯೂ ಎರಡು ಪುಸ್ತಕಗಳು ಕೈಹಿಡಿದು ನಡೆಸಬಲ್ಲವು.

ಮೊದಲನೆಯದು ಪುರಾತತ್ತ್ವ ಇಲಾಖೆಯು 1964ರಲ್ಲಿ ಪ್ರಕಟಿಸಿದ ವೈ. ಡಿ. ಶರ್ಮರ 'ಡೆಲ್ಲಿ ಅಂಡ್ ಇಟ್ಸ್ ನೇಬರ್‌ಹುಡ್'. ಕೈಚೀಲದಲ್ಲಿ ಹಿಡಿಯುವಷ್ಟು ಚಿಕ್ಕದಾದರೂ, ದೆಹಲಿಯ ಸ್ಮಾರಕಗಳನ್ನು ಕ್ರಮವಾಗಿ ಪರಿಚಯಿಸುವ ಪ್ರಾಮಾಣಿಕ ಗ್ರಂಥವಿದು. ಇದು ಹೊರಬಂದ ಎರಡು ವರ್ಷಗಳ ಮೇಲೆ, 1966ರಲ್ಲಿ, ಕಾಲ್ಕಾಜಿ ಮಂದಿರಕ್ಕೆ ಸಮೀಪದ ಬಹಾಪುರದಲ್ಲಿ, ಇಂದಿನ ಈಸ್ಟ್ ಆಫ್ ಕೈಲಾಸ್ ಬಡಾವಣೆಯ ಬಳಿ, ಬಂಡೆಯೊಂದರ ಮೇಲೆ ಅಶೋಕನ ಶಾಸನ ಪತ್ತೆಯಾಯಿತು. ಬ್ರಾಹ್ಮೀ ಲಿಪಿಯಲ್ಲಿ ಪ್ರಾಕೃತ ಭಾಷೆಯಲ್ಲಿರುವ ಈ ಕಿರುಶಾಸನವು ಕನ್ನಡಿಗರಿಗೆ ಅಪರಿಚಿತವಲ್ಲ. ಇದೇ ಶಾಸನದ ಪಾಠಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸರಿಗೆ ದೊರೆತಿದ್ದುವು; ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಪಾಠದಲ್ಲಿ ಅಶೋಕನ ಹೆಸರೇ ಇತ್ತು. ಶ್ರದ್ಧೆಯಿಂದ ಪ್ರಯತ್ನಿಸಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮಹತ್ತಾದುದನ್ನು ಪಡೆಯಬಲ್ಲರೆಂಬುದು ಅದರ ಸಾರ. ಬ್ರಹ್ಮಗಿರಿಯ ಪಾಠದಲ್ಲಿ 256 ಎಂಬ ಸಂಖ್ಯೆಯಿದೆ. ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವದು ಎಂದು ಹಲವು ವಿದ್ವಾಂಸರು ಅರ್ಥೈಸಿದ್ದಾರೆ. ಮೊಳಕಾಲ್ಮೂರಿನ ಬಂಡೆಗೂ ದೆಹಲಿಯ ಬಂಡೆಗೂ ಒಂದೇ ಮಾತನ್ನು ಮುಟ್ಟಿಸಿದವನು ತಾನೂ ದಾರಿ ನಡೆದವನೇ! ಊರು ಬಿಟ್ಟು ಬಂದೆವೆಂದು ಕೊರಗುವ ಕನ್ನಡಿಗನು ಆ ಬಂಡೆಯ ಬಳಿ ಒಮ್ಮೆ ನಿಂತು ಬರುವುದು ಒಳ್ಳೆಯದು.

ಎರಡನೆಯದು 2006ರಲ್ಲಿ ಬಂದ ಪ್ರದೀಪ್ ಕ್ರಿಶನ್ ಅವರ 'ಟ್ರೀಸ್ ಆಫ್ ಡೆಲ್ಲಿ'. ಚಿತ್ರಗಳ ನೆರವಿನಿಂದ ಮರಗಳನ್ನು ಗುರುತಿಸಲು ಕಲಿಸುವ ಈ ಕೈಪಿಡಿಯನ್ನು ಹಿಡಿದು ನಡೆದವನಿಗೆ ದೆಹಲಿ ಬೇರೆಯೇ ಆಗಿ ಕಾಣುವುದು. ಇಲ್ಲಿನವರು 'ಢಾಕ್' ಎನ್ನುವುದು ಊರಿನ ಮುತ್ತುಗ. 'ಅಮಲ್ತಾಸ್' ಎಂದರೆ ಕಕ್ಕೆ. 'ಸೇಮಲ್' ಎಂದರೆ ಬೂರುಗ. ಹೊಸದೆಹಲಿಯ ಹೆದ್ದಾರಿಗಳಲ್ಲಿ ನೆರಳು ಚೆಲ್ಲುವುದು ನೇರಳೆ ಮತ್ತು ಬೇವು. ರಿಡ್ಜ್ ಕಾಡನ್ನೆಲ್ಲ ಆಕ್ರಮಿಸಿರುವ 'ವಿಲಾಯತಿ ಕೀಕರ್' ಮತ್ತಾವುದೂ ಅಲ್ಲ, ಬಯಲುಸೀಮೆಯವರೆಲ್ಲ ಬಲ್ಲ ಬಳ್ಳಾರಿ ಜಾಲಿ. ನೆಂಟರನ್ನು ಗುರುತಿಸಿದ ಮೇಲೆ ಪರಸ್ಥಳವೆಂಬ ಭಾವನೆ ತಾನಾಗಿಯೇ ಕರಗುತ್ತದೆ. ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನವನ್ನು ನೋಡಿದರೆ ಇನ್ನೊಂದು ಪಾಠ ದೊರೆಯುವುದು. ಗಣಿಗಾರಿಕೆಯಿಂದ ಬರಡಾಗಿದ್ದ ಆ ನೆಲದಲ್ಲಿ 2010ರಿಂದೀಚೆಗೆ ನಾಗರಿಕರು ಕೈಗೂಡಿಸಿ ಅರಾವಳಿಯ ಸ್ಥಳೀಯ ಗಿಡಗಳನ್ನೇ ನೆಟ್ಟು ಕಾಡನ್ನು ಮರಳಿ ತಂದರು. ಅಗೆದು ಬಿಟ್ಟ ನೆಲಕ್ಕೂ ಹೊಸ ಭವಿಷ್ಯವುಂಟು.

ನಡೆಯುವ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಬೇಕು. ದಿನಕ್ಕೆ ಅರ್ಧ ಗಂಟೆಯ ಚುರುಕಾದ ನಡಿಗೆ ವಾರಕ್ಕೆ ಐದು ದಿನವಾದರೆ ಲೆಕ್ಕ ಸರಿಹೋಯಿತು. 65 ದಾಟಿದವರು ಬೀಳದಂತೆ ದೇಹದ ಸಮತೋಲವನ್ನು ಕಾಯ್ದುಕೊಳ್ಳುವ ವ್ಯಾಯಾಮವನ್ನೂ ವಾರಕ್ಕೆ ಮೂರು ದಿನ ಮಾಡುವುದು ಲೇಸು. ಆದರೆ ದೆಹಲಿಯಲ್ಲಿ ಒಂದು ಎಚ್ಚರಿಕೆ: ಚಳಿಗಾಲದ ಮುಂಜಾನೆ ತಂಪಾದ ಗಾಳಿ ನೆಲಕ್ಕೆ ಒತ್ತಿಕೊಂಡು ಹೊಗೆಧೂಳುಗಳನ್ನು ಕೆಳಗೇ ಹಿಡಿದಿಡುತ್ತದೆ. ಬ್ರಾಹ್ಮೀ ಮುಹೂರ್ತದ ನಡಿಗೆ ಊರಿನಲ್ಲಿ ಅಮೃತವಾದರೂ ಇಲ್ಲಿನ ನವೆಂಬರಿನಲ್ಲಿ ವಿಷವಾಗಬಹುದು. ಬಿಸಿಲೇರಿದ ಮೇಲೆ ಹೊರಡುವುದು ಮೇಲು. ಗಾಳಿಯ ಸೂಚ್ಯಂಕ 300 ದಾಟಿದ ದಿನ ಮನೆಯೊಳಗೇ ಅಡ್ಡಾಡಿ, ಉಳಿದ ಹೊತ್ತನ್ನು ಪುಸ್ತಕಕ್ಕೆ ಕೊಡುವುದು ಜಾಣತನ. ಬೇಸಗೆಯಲ್ಲಿ ಇದರ ವಿಪರೀತ: ಸೂರ್ಯೋದಯಕ್ಕೆ ಮೊದಲೇ ನಡಿಗೆ ಮುಗಿದಿರಬೇಕು, ನೀರಿನ ಬಾಟಲಿ ಕೈಯಲ್ಲಿರಬೇಕು.

ಸಂಘದ ಪುಸ್ತಕ ಭಂಡಾರದಲ್ಲಿ ನಡಿಗೆಯ ಗ್ರಂಥಗಳಿಗೆಂದೇ ಒಂದು ಕಪಾಟು, ತಿಂಗಳಿಗೊಂದು ಭಾನುವಾರ ಹಿರಿಯರೂ ಕಿರಿಯರೂ ಕೂಡಿ ನಡೆಯುವ ಒಂದು ದಾರಿ, ನಡೆದು ಬಂದವರು ಬರೆದಿಡುವ ಒಂದು ದಾಖಲೆ ಪುಸ್ತಕ: ಇಷ್ಟಕ್ಕೆ ದೊಡ್ಡ ಹಣವೂ ಬೇಡ, ಸಮಿತಿಗಳೂ ಬೇಡ. ಮೊಮ್ಮಕ್ಕಳಿಗೆ ಮುತ್ತುಗದ ಹೂವನ್ನು ಕನ್ನಡದ ಹೆಸರಿನಿಂದ ತೋರಿಸಬಲ್ಲ ಅಜ್ಜನಿಗೆ ತಾನು ನಿರುಪಯೋಗಿ ಎಂಬ ಕೊರಗು ಇರಲಾರದು. ಮನೆಯಲ್ಲಿ ಒಂಟಿಯಾದ ಅಜ್ಜಿಗೆ ಆ ಭಾನುವಾರ ನಾಲ್ಕು ಮಂದಿ ಜೊತೆಗಾರರು ಸಿಗುವರು. ಭವಿಷ್ಯವೆಂಬುದು ಯಾರಿಗೂ ಒಮ್ಮೆಗೇ ಇಡಿಯಾಗಿ ಕಾಣುವುದಿಲ್ಲ. ತಿರುವು ದಾಟಿದಷ್ಟೂ ಮುಂದಿನ ದಾರಿ ಕಾಣುತ್ತ ಹೋಗುವುದು. ಗ್ರಂಥಗಳು ಮಾಡಬಲ್ಲ ಉಪಕಾರ ಮೊದಲ ಹೆಜ್ಜೆ ಇಡಿಸುವುದಷ್ಟೆ. ಉಳಿದುದನ್ನು ಕಾಲುಗಳೇ ಕಂಡುಕೊಳ್ಳಬೇಕು.